ಯಜಮಾನರ ಮೊಳ

ಬಿಳಿಗಲ್ಲು ದುರ್ಗದ ದೊರೆ ಸರ್ಜಪ್ಪನಾಯಕನಿಗೆ ಹುಲಿ ಹೊಡೆದ ಹೆಮ್ಮೆಗಿಂತ ನಾಯಿ ಸಾಕಿದ ಹೆಮ್ಮೆ ದೊಡ್ಡದು. ಅವನ ಬೇಟೆನಾಯಿಯ ಹೆಸರು ಭೈರ. ರಾಣಿ ಬಂಗಾರಮ್ಮನ ಬೆಕ್ಕಿನ ಹೆಸರು ಬೆಳ್ಳಿ. ಒಂದು ದಿನ ದೊರೆ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

"ಮನುಷ್ಯರಿಗೆ ಮನೆ ಕಟ್ಟಿಸಿದ ಅರಸರು ಬೇಕಾದಷ್ಟಿದ್ದಾರೆ. ಸಾಕಿದವರಿಗೂ ಸಾಕಿದ ಪ್ರಾಣಿಗೂ ಒಟ್ಟಿಗೆ ಒಪ್ಪುವ ಮನೆ ಕಟ್ಟಿಸುವವನು ನಾನೊಬ್ಬನೇ."

ಹೇಳುವುದು ದೊರೆಗೆ ಸುಲಭ. ಕಟ್ಟುವ ಪಾಡು ಮಾತ್ರ ಶಿಲ್ಪಿ ಮಾನಾಚಾರಿಯದು. ಪಾಪ, ಮೊದಲ ಮನೆಯ ನೆಲಕ್ಕೆ ಕನ್ನಡಿಯಂಥ ಗಾರೆ ಹಾಕಿಸಿದ. ಭೈರ ಒಳಗೆ ನಾಲ್ಕು ಹೆಜ್ಜೆ ಇಟ್ಟದ್ದೇ ತಡ, ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಹೋದವು. ಮನೆ ಕೆಡವಿಸಿದರು. ಎರಡನೆಯದಕ್ಕೆ ಒರಟು ಕಲ್ಲು ಹಾಸಿ, ತಾನೇ ಕೂತು ಕೆತ್ತಿದ ಮರದ ಕಂಬಗಳನ್ನು ನಿಲ್ಲಿಸಿದ. ಬೆಳ್ಳಿ ಆ ಕಂಬಗಳಿಗೆ ಉಗುರು ಮಸೆದು ಹೂಬಳ್ಳಿಯನ್ನೆಲ್ಲ ಸಿಬಿರು ಮಾಡಿತು. ತಪ್ಪು ಕಂಬದ್ದೆಂದು ದೊರೆಯ ತೀರ್ಪಾಯಿತು. ಅದನ್ನೂ ಕೆಡವಿದರು.

"ಇನ್ನೊಂದೇ ಅವಕಾಶ," ಎಂದ ದೊರೆ. "ಇದೂ ಒಪ್ಪದಿದ್ದರೆ ಉಳಿ ಸುತ್ತಿಗೆ ಕಟ್ಟಿಕೊಂಡು ಸೀಮೆ ದಾಟು."

ದುರ್ಗದ ಹೆಬ್ಬಾಗಿಲು ಕಟ್ಟಿದವನು ಮಾನಾಚಾರಿಯ ಅಜ್ಜ. ಅದೇ ಬಾಗಿಲಿನಿಂದ ಹೆಂಡತಿ ಮಕ್ಕಳೊಂದಿಗೆ ಗಂಟುಮೂಟೆ ಹೊತ್ತು ಹೊರಬೀಳುವುದನ್ನು ನೆನೆಯಲೂ ಅವನಿಂದಾಗಲಿಲ್ಲ. ನೇರವಾಗಿ ಹೋಗಿ ಓಬಳಯ್ಯನ ಜಗಲಿಯ ಮೇಲೆ ಕೂತ. ಈ ಓಬಳಯ್ಯನಿಗೆ ಆಸ್ಥಾನದಲ್ಲಿ ಇಂಥದೇ ಎಂಬ ಕೆಲಸವಿರಲಿಲ್ಲ. ಬೇರೆಯವರು ನುಂಗಿಕೊಂಡ ಮಾತನ್ನು ದೊರೆಯ ಮುಂದೆ ಹೇಳಿ, ತಲೆ ಉಳಿಸಿಕೊಂಡು ಬರುವುದೇ ಅವನ ಕೆಲಸ.

ಅವನು ಕತೆಯೆಲ್ಲ ಕೇಳಿ, ಮನೆಗೆ ಅಳತೆ ಹೇಗೆ ಹಿಡಿಯುತ್ತೀರಿ ಎಂದು ವಿಚಾರಿಸಿದ. ಮಾನಾಚಾರಿ ತಮ್ಮ ಕುಲದ ಪದ್ಧತಿ ಹೇಳಿದ: ಮನೆಯ ಯಜಮಾನನ ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ದಾರ ಹಿಡಿಯಬೇಕು. ಅದೇ ಆ ಮನೆಯ ಮೊಳ. ಬಾಗಿಲು ಐದು ಮೊಳ ಎಂದರೆ ಆ ಯಜಮಾನನ ಐದು ಮೊಳ. ಮನೆ ಯಾರದೋ ಅವರ ಮೈಗೆ ಒಪ್ಪಬೇಕಲ್ಲ.

"ಎರಡು ಸಲವೂ ಯಾರ ಮೊಳ ಹಿಡಿದಿರಿ?"

"ಇನ್ಯಾರದು? ದೊರೆಯದೇ."

"ತಪ್ಪಿದ್ದು ಅಲ್ಲೇ ಆಚಾರ್ರೇ. ಯಜಮಾನ ಯಾರು ಅಂತ ನೋಡದೆಯೇ ಅಳೆದುಬಿಟ್ಟಿರಿ."

ಅಳತೆಯ ನೆಪದಲ್ಲಿ ಇಬ್ಬರೂ ಮೂರು ದಿನ ಅರಮನೆಯಲ್ಲಿ ಓಡಾಡಿದರು. ಕಂಡದ್ದನ್ನೆಲ್ಲ ಓಬಳಯ್ಯ ಮನಸ್ಸಿನಲ್ಲಿ ಇಟ್ಟುಕೊಂಡ. ಮೂರನೆಯ ದಿನ ಅವನು ಹೇಳಿದಂತೆ ದಾರ ಹಿಡಿಯುವಾಗ ಮಾನಾಚಾರಿಗೆ, ಕೆಟ್ಟ ಮೇಲೆ ಬುದ್ಧಿ ಬರುವುದಕ್ಕಿಂತ ಈಗಲೇ ಓಡಿಹೋಗೋಣವೇ ಎನ್ನಿಸಿತು. ಆದರೆ ಓಡಿಹೋದರೂ ಸೀಮೆ ದಾಟಿದ ಹಾಗೆಯೇ ತಾನೇ? ಸುಮ್ಮನೆ ಅಳೆದ.

ಮೂರನೆಯ ಮನೆಯ ಬಾಗಿಲು ನಿಲ್ಲಿಸುವ ದಿನ ದೊರೆ, ರಾಣಿ, ಆಸ್ಥಾನದವರೆಲ್ಲ ಬಂದರು. ಪೂಜೆಯಾಯಿತು. ಮುಚ್ಚಿದ್ದ ವಸ್ತ್ರ ಸರಿಸಿದರು. ತೇಗದ ಚೌಕಟ್ಟು, ಹಿತ್ತಾಳೆಯ ಹೂವು, ಮಾವಿನ ತೋರಣ, ಎಲ್ಲವೂ ಸರಿಯಾಗಿದ್ದವು. ಎತ್ತರ ಮಾತ್ರ ದೊರೆಯ ಮೊಣಕಾಲಿನಷ್ಟಿತ್ತು.

ಬೆಳ್ಳಿ ಬಾಲ ಎತ್ತಿಕೊಂಡು ಠೀವಿಯಿಂದ ಒಳಗೆ ಹೋಯಿತು. ಭೈರ ತಲೆ ತಗ್ಗಿಸಿ ಅದರ ಹಿಂದೆ ನುಸುಳಿದ. ದೊರೆಯ ಮುಖ ಕೆಂಪೇರಿತು.

"ಇದೇನು?"

ಓಬಳಯ್ಯ ಮುಂದೆ ಬಂದು ಕೈಮುಗಿದ. "ಪದ್ಧತಿಯಂತೆ ಐದು ಮೊಳವೇ ಇದೆ ಪ್ರಭು. ಯಜಮಾನರ ಮೊಳದಲ್ಲಿ."

"ನನ್ನ ಮೊಳ ಇಷ್ಟೇ ಏನಯ್ಯಾ?"

"ತಮ್ಮದಲ್ಲ, ಬೆಳ್ಳಿಯದು. ಮುಂಗಾಲು ಹಿಡಿದು ಅಳೆದೆವು. ಊಟಕ್ಕೆ ಹಾಕಿದ ಮಣೆಯ ಮೇಲೆ ಬೆಳ್ಳಿ ಮಲಗಿತ್ತು, ತಾವು ನಿಂತೇ ಉಂಡಿರಿ. ಮಂಚದ ನಡುವೆ ಭೈರ ಮಲಗಿದ್ದ, ತಾವು ಅಂಚಿನಲ್ಲಿ ಮುದುಡಿಕೊಂಡಿರಿ. ಅಷ್ಟರಲ್ಲಿ ಬೆಳ್ಳಿ ಬಂತು, ಭೈರನೂ ಎದ್ದು ಜಾಗ ಬಿಟ್ಟ. ಆ ಅರಮನೆಯಲ್ಲಿ ಯಾರಿಗೂ ಜಾಗ ಬಿಡದವರು ಒಬ್ಬರೇ, ಪ್ರಭು. ಅವರನ್ನು ಬಿಟ್ಟು ಬೇರೆಯವರನ್ನು ಅಳೆದರೆ ಆಚಾರ್ರ ಕುಲಕ್ಕೆ ದೋಷ."

"ಹಾಗಾದರೆ ನಾನು ಒಳಗೆ ಹೋಗುವುದು ಹೇಗೆ?"

"ಮುದುಡಿಕೊಂಡು. ಅಭ್ಯಾಸವಿದೆಯಲ್ಲ."

ಮೊದಲು ನಕ್ಕವಳು ರಾಣಿ. ಸೆರಗು ಬಾಯಿಗೆ ಒತ್ತಿಕೊಂಡರೂ ತಡೆಯಲಾಗಲಿಲ್ಲ. ಅವಳನ್ನು ನೋಡಿ ದೊರೆಯ ಮೀಸೆ ಅಲುಗಿತು, ಆಮೇಲೆ ಹೊಟ್ಟೆಯೂ ಅಲುಗಿತು. ನಕ್ಕು ನಕ್ಕು ಸುಸ್ತಾದ ಮೇಲೆ, ಸೀಮೆ ದಾಟುವ ಮಾತನ್ನು ಮರೆತುಬಿಡು ಎಂದು ಮಾನಾಚಾರಿಗೆ ಹೇಳಿದ. ಅದನ್ನು ಕೇಳಿ ಅವನು ನಿಂತಲ್ಲೇ ಕಣ್ಣೊರೆಸಿಕೊಂಡ.

"ಈಗ ಹೇಳು, ನಿನ್ನ ಮನಸ್ಸಿಗೆ ಬಂದ ಹಾಗೆ ಕಟ್ಟುವುದಾದರೆ ಹೇಗೆ ಕಟ್ಟುತ್ತೀ?"

ಇಷ್ಟು ದಿನ ಯಾರೂ ಕೇಳದ ಪ್ರಶ್ನೆ ಅದು. ಮಾನಾಚಾರಿಗೆ ಮಾತು ತಾನಾಗಿ ಬಂತು. ಭೈರ ಓಡುವ ಕಡೆಯೆಲ್ಲ ಒರಟು ಕಲ್ಲು, ಮಲಗುವ ಕೋಣೆಗಷ್ಟೇ ನುಣುಪು ಗಾರೆ. ದೊಡ್ಡ ಬಾಗಿಲಿನ ಬುಡದಲ್ಲಿ ಬೆಳ್ಳಿಗೊಂದು ಕಿಂಡಿ. ಉಗುರು ಮಸೆಯಲು ಹಿತ್ತಲಲ್ಲಿ ಬೋಳು ಕಂಬ. ಕೆತ್ತಿದ ಕಂಬದ ಗೊಡವೆ ಅದಕ್ಕೆ ಬೇಡ. ಮಂಚದ ಪಕ್ಕದಲ್ಲಿ ಭೈರನಿಗೆ ಅವನದೇ ಕಟ್ಟೆ.

ದೊರೆಗೆ ಒಪ್ಪಿಗೆಯಾಯಿತು. ತೋಳಿನ ಚಿನ್ನದ ಕಡಗ ಕಳಚಿ ಓಬಳಯ್ಯನ ಕೈಗಿಟ್ಟ. ಕಲ್ಲಿನ ಮೇಲೆ ಕೂತು ಬರಿದಾದ ತೋಳನ್ನು ತೊಡೆಯ ಮೇಲೆ ಚಾಚಿದ.

"ಹಿಡಿ ದಾರ. ಈ ಸಲ ನನ್ನ ಮೊಳ."

ಮಾನಾಚಾರಿ ದಾರ ಬಿಚ್ಚುವಷ್ಟರಲ್ಲಿ ಬೆಳ್ಳಿ ಪುಟ್ಟ ಬಾಗಿಲಿನಿಂದ ಹೊರಬಂತು. ದೊರೆಯ ತೊಡೆಗೆ ಹಾರಿ, ಚಾಚಿದ ತೋಳಿನ ಮೇಲೆ ಸುರುಳಿ ಸುತ್ತಿ ಮಲಗಿತು. ಬಿಸಿಲು ಏರುತ್ತಿತ್ತು. ಇಡೀ ಆಸ್ಥಾನ ನಿಂತೇ ಇತ್ತು. ದೊರೆ ಕೈ ಅಲುಗಿಸದೆ, "ಸದ್ದು ಮಾಡಬೇಡಿ, ಈಗ ತಾನೇ ಕಣ್ಣು ಮುಚ್ಚಿದೆ," ಎಂದು ಪಿಸುಗುಟ್ಟಿದ.

ಓಬಳಯ್ಯ ಕಡಗವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೇಳಿದ:

"ದಾರ ಸುತ್ತಿಡಿ ಆಚಾರ್ರೇ. ಯಜಮಾನರ ಅಪ್ಪಣೆ ಇನ್ನೂ ಆಗಿಲ್ಲ."