ಗುಂಡುಕಲ್ಲು ಕುಳಿತ ಸೀಟು

“ಬುದ್ಧಿ, ಒಂದು ಸಂಕಲ್ಪ ಮುರಿಯದೆ ಉಳಿಯಬೇಕಾದರೆ ಅದನ್ನು ಎಷ್ಟು ಗಟ್ಟಿ ಮಾಡಬೇಕು?”

ಕೇಳಿದವನು ಸಿದ್ಧವೀರ. ಮಠ ಸೇರಿ ಆರು ವರ್ಷವಾಗಿತ್ತು. ಹಿರಿಯ ಸ್ವಾಮಿಗಳು ಜಗಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

“ಇಲ್ಲಿಯವರೆಗೆ ಎಷ್ಟು ಮುರಿದೆ?”

“ಮೂರು, ಬುದ್ಧಿ. ಮೂರೂ ಮೌನವ್ರತವೇ. ಮೊದಲ ಸಲ ಹನ್ನೊಂದು ದಿನ ಎಂದಿದ್ದೆ. ಆಮೇಲೆ ಇಪ್ಪತ್ತೊಂದು. ಹೋದ ಸಲ ನಲವತ್ತೆಂಟು ಎಂದು ಎಲ್ಲರ ಮುಂದೆ ನಿಂತು ಹೇಳಿದೆ. ಒಂಬತ್ತನೆಯ ದಿನ ನೀವೆಲ್ಲ ಮದುವೆಗೆಂದು ಪಕ್ಕದ ಊರಿಗೆ ಹೋಗಿದ್ದಿರಿ. ನಾನೊಬ್ಬನೇ ಉಳಿದಿದ್ದೆ. ಬೆಕ್ಕು ಬಂತು. ಅದರ ಹತ್ತಿರ ಮಾತಾಡಿಬಿಟ್ಟೆ.”

“ಏನೆಂದೆ?”

“ಊಟ ಆಯಿತಾ ಎಂದೆ.”

ಸ್ವಾಮಿಗಳಿಗೆ ನಗು ತಡೆಯಲಾಗಲಿಲ್ಲ. ಸಿದ್ಧವೀರ ನಗಲಿಲ್ಲ. ಅವನ ಕಣ್ಣಲ್ಲಿ ನೀರಿತ್ತು.

“ನಗಬೇಡಿ ಬುದ್ಧಿ. ಈ ಸಲ ಹನ್ನೆರಡು ವರ್ಷದ ಮೌನ ಹಿಡಿಯುತ್ತೇನೆ. ನಾಳೆ ಸಭೆಯಲ್ಲಿ ಎದ್ದು ನಿಂತು ಹೇಳಿಬಿಡುತ್ತೇನೆ. ಊರಿನ ಕಣ್ಣೆಲ್ಲ ನನ್ನ ಮೇಲಿದ್ದರೆ ತಪ್ಪುವ ಧೈರ್ಯ ಬರುವುದಿಲ್ಲ. ಇದೂ ಮುರಿದರೆ ಇಲ್ಲಿರಲು ನನಗೆ ಮುಖವಿಲ್ಲ. ಮಠ ಬಿಟ್ಟು ಹೋಗುತ್ತೇನೆ.”

“ಹನ್ನೆರಡು ವರ್ಷ!” ಎಂದರು ಸ್ವಾಮಿಗಳು. “ಭಲೇ. ಬಾ, ಕೂತುಕೋ. ಕೈ ಕಟ್ಟಿಕೊಂಡು ಕೂರಬೇಡ, ನೀನೂ ಸುಲಿ. ಕಾವಿ ಉಡುವ ಮೊದಲು ನಾನು ವಿಮಾನದ ಕಾರ್ಖಾನೆಯಲ್ಲಿ ರಿವೆಟ್ ಹೊಡೆಯುತ್ತಿದ್ದೆ ಎಂಬುದು ನಿನಗೆ ಗೊತ್ತು. ಅಲ್ಲಿ ಪರಿಚಯವಾದ ಒಬ್ಬನ ಸಂಗತಿ ಹೇಳುತ್ತೇನೆ.”

ಹೀಗೆಂದು ಅವರು ಹೇಳಿದ ಕತೆ ಇದು.

ಒಬ್ಬ ಫಿಟ್ಟರ್ ಇದ್ದ. ಇಪ್ಪತ್ತೆಂಟು ವರ್ಷ ಬೇರೆಯವರು ಹಾರುವ ವಿಮಾನಗಳನ್ನು ಜೋಡಿಸಿದ. ಒಂದು ದಿನವೂ ಒಂದರಲ್ಲೂ ಹಾರಲಿಲ್ಲ. ನಿವೃತ್ತನಾದ ಮರುದಿನ ಹೆಂಡತಿಗೆ ಹೇಳಿದ: ‘ಇನ್ನು ನಮಗೊಂದು ಮಾಡುತ್ತೇನೆ. ಚಿಕ್ಕದು. ಇಬ್ಬರು ಕೂರುವಂಥದ್ದು.’

ಅವಳು ಕಾಫಿಯ ಲೋಟ ಕೆಳಗಿಟ್ಟು, ‘ಸೀರೆ ಉಟ್ಟುಕೊಂಡು ಹತ್ತಬಹುದೇನ್ರೀ?’ ಎಂದಳು. ಅಷ್ಟೇ. ಬೇಡ ಎನ್ನಲಿಲ್ಲ. ಅಂಥ ಹೆಂಡತಿ ಸಿಗುವುದಕ್ಕೆ ಪುಣ್ಯ ಬೇಕು, ಅದು ನಿನಗೂ ನನಗೂ ಸಂಬಂಧವಿಲ್ಲದ ಮಾತು, ಇರಲಿ.

ಊರ ಹೊರಗೆ ತಗಡಿನ ಶೆಡ್ಡು ಹಾಕಿದ. ಏಳು ವರ್ಷ ಹಿಡಿಯಿತು. ಉಕ್ಕಿನ ಕೊಳವೆಗಳನ್ನು ಬೆಸೆದು ವಿಮಾನದ ಅಸ್ಥಿಪಂಜರ ಮಾಡಿದ. ಅದರ ಮೇಲೆ ಬಟ್ಟೆ ಬಿಗಿದ. ನಡುವೆ ಹಾರಿಸುವುದನ್ನೂ ಕಲಿತು ಪರವಾನಗಿ ತಂದ. ಜನ ನಕ್ಕರು, ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಸೊಂಟ ಹಿಡಿದುಕೊಂಡಿತು, ಎಣ್ಣೆ ತಿಕ್ಕಿಸಿಕೊಂಡು ಮತ್ತೆ ಹೋಗಿ ನಿಂತ. ಹಟ ಎಂದರೆ ಅದು, ಮರಿ. ನಿನ್ನ ಹಟಕ್ಕಿಂತ ಒಂದು ಗುಲಗಂಜಿಯೂ ಕಡಿಮೆ ಇರಲಿಲ್ಲ.

ರೆಕ್ಕೆ, ಎಂಜಿನ್ ಕೂಡಿಸುವ ಮೊದಲು ಸೀಟ್ ಬೆಲ್ಟಿನ ಕೆಲಸ ಉಳಿಯಿತು. ಎಲ್ಲರೂ ಅದನ್ನು ಒಂದು ಮಧ್ಯಾಹ್ನದ ಕೆಲಸ ಎಂದರು. ಅವನು ಅದಕ್ಕೆ ಒಂದು ವರ್ಷ ಕಳೆದ.

ಯಾಕೆ ಗೊತ್ತೇನು? ಎಂಜಿನ್ ಕೈ ಕೊಟ್ಟರೆ ವಿಮಾನ ತೇಲಿಕೊಂಡು ಇಳಿಯುತ್ತದೆ ಎಂಬ ನಂಬಿಕೆ ಅವನಿಗಿತ್ತು. ಆದರೆ ಇಳಿದು ನಿಲ್ಲುವ ಹೊತ್ತಿಗೆ ಹೆಂಡತಿ ತನ್ನ ಜಾಗದಲ್ಲೇ ಇರಬೇಕಲ್ಲ? ಮೊದಲು ಕೂರುವವಳು ನಾನೇ ಎಂದು ಅವಳು ಹೇಳಿಬಿಟ್ಟಿದ್ದಳು. ಅವನಿಗೆ ಮಕ್ಕಳಿರಲಿಲ್ಲ, ಅಣ್ಣತಮ್ಮಂದಿರಿರಲಿಲ್ಲ. ಇದ್ದವಳು ಅವಳೊಬ್ಬಳು. ‘ಹತ್ತಿದ ಹಾಗೇ ಅವಳು ಇಳಿಯಬೇಕು’ ಎಂದು ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡಿದ್ದ. ನಾನೇ ಕಣ್ಣಾರೆ ಓದಿದ್ದೇನೆ.

ಗುಜರಿಯಲ್ಲಿ ಹಳೆಯ ಕಾರಿನ ಬೆಲ್ಟು ಸಿಕ್ಕಿತು. ಉಗುರಿನಿಂದ ಕೆರೆದ, ನೂಲು ಪುಡಿಪುಡಿಯಾಗಿ ಬಂತು. ಬಿಸಿಲು ತಿಂದ ಪಟ್ಟಿ, ಎಸೆದ. ಲಾರಿಯ ಟಾರ್ಪಾಲು ಬಿಗಿಯುವ ಪಟ್ಟಿ ತಂದ. ಆನೆಯನ್ನು ಕಟ್ಟಬಹುದಾಗಿತ್ತು, ಆದರೆ ಬಿಚ್ಚುವುದಕ್ಕೆ ಎರಡು ಕೈ ಬೇಕು, ಜೊತೆಗೆ ಒಂದು ಸುತ್ತಿಗೆಯೂ ಬೇಕು. ಬೆಂಕಿ ಹತ್ತಿದರೆ ಗತಿಯೇನು ಎಂದು ಅದನ್ನೂ ಎಸೆದ. ಒಬ್ಬ ಗೆಳೆಯ ಸೊಂಟದ ಬೆಲ್ಟೊಂದೇ ಸಾಕೆಂದ. ಇವನು ಅವನ ಮೇಲೆ ರೇಗಿ, ‘ತಲೆ ನಿಮ್ಮಪ್ಪ ಹಿಡಿದುಕೊಳ್ಳುತ್ತಾನಾ?’ ಎಂದು ಶೆಡ್ಡಿನಿಂದ ಆಚೆ ಕಳಿಸಿದ. ಆ ಗೆಳೆಯ ನಾನೇ. ಆರು ತಿಂಗಳು ಮಾತು ಬಿಟ್ಟಿದ್ದೆವು.

ಕಟ್ಟಕಡೆಗೆ ಹೊರದೇಶದಿಂದ ಒಂದು ಜೊತೆ ತರಿಸಿದ. ಎರಡು ಪಟ್ಟಿ ಹೆಗಲ ಮೇಲಿಂದ, ಎರಡು ಸೊಂಟದ ಅಕ್ಕಪಕ್ಕದಿಂದ. ನಾಲ್ಕೂ ಬಂದು ಹೊಟ್ಟೆಯ ಕೆಳಗೆ ಒಂದು ಬಕಲಿಗೆ ಸೇರುತ್ತವೆ. ಒಂದೇ ಕೈಯಲ್ಲಿ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ತಂದವನು ಸುಮ್ಮನಿದ್ದನೇ? ಶೆಡ್ಡಿನ ತೊಲೆಗೆ ಒಂದು ಬೆಲ್ಟು ಕಟ್ಟಿ, ಹಳೆಯ ಡೀಸೆಲ್ ಎಂಜಿನ್ ಅದಕ್ಕೆ ನೇತುಹಾಕಿದ. ಎಂಟು ದಿನ ತೂಗಿತು. ಒಂದು ಎಳೆಯೂ ಕದಲಲಿಲ್ಲ. ಎಂಟನೆಯ ದಿನ ಕೆಳಗಿಳಿಸಿ, ಹೊಲಿಗೆಯನ್ನೆಲ್ಲ ಭೂತಗಾಜು ಹಿಡಿದು ನೋಡಿ, ‘ಇನ್ನು ಯಮ ಬಂದು ಎಳೆದರೂ ಬರಲ್ಲ’ ಎಂದ. ಬೆಲ್ಟು ಕೂಡಿಸಿ, ಹೆಂಡತಿಯನ್ನು ಕರೆದು ತೋರಿಸಿದ.

ಅವಳು ಹತ್ತಲಿಲ್ಲ. ವಿಮಾನದ ಸುತ್ತ ಒಂದು ಸುತ್ತು ಬಂದಳು. ಆಮೇಲೆ ಹೇಳಿದಳು: ‘ಮೊದಲು ಗುಂಡುಕಲ್ಲು ಕೂರಲಿ. ಆಮೇಲೆ ನಾನು.’

ನಮ್ಮ ಕಡೆ ಹೆಸರಿಡುವ ದಿನ ಏನು ಮಾಡುತ್ತಾರೆ, ಹೇಳು? ಮಗುವಿಗಿಂತ ಮೊದಲು ತೊಟ್ಟಿಲಲ್ಲಿ ಗುಂಡುಕಲ್ಲು ಮಲಗಿಸುತ್ತಾರೆ. ಅರೆಯುವ ಒರಳಿನ ಗುಂಡು. ಅದಕ್ಕೆ ಕುಂಕುಮ ಇಟ್ಟು, ತೂಗಿ, ಆಮೇಲೆ ಮಗುವನ್ನು ಮಲಗಿಸುವುದು. ಶಾಸ್ತ್ರ ಎಂದು ನಾವು ಹಾಡಿ ಮುಗಿಸುತ್ತೇವೆ. ಅವಳ ಅಜ್ಜಿ ಸೂಲಗಿತ್ತಿ. ಕಲ್ಲು ತೂಗುವಾಗ ಆ ಅಜ್ಜಿ ತೊಟ್ಟಿಲನ್ನು ನೋಡುತ್ತಿರಲಿಲ್ಲವಂತೆ, ತಲೆ ಎತ್ತಿ ಜಂತಿಯ ಕೊಂಡಿಯನ್ನು ನೋಡುತ್ತಿದ್ದಳಂತೆ.

ಫಿಟ್ಟರನಿಗೆ ಸಿಟ್ಟು ನೆತ್ತಿಗೇರಿತು. ‘ಡೀಸೆಲ್ ಎಂಜಿನ್ ತೂಗಿದ ಬೆಲ್ಟಿದು! ನಿನಗೆ ಕಲ್ಲು ಬೇಕೇನೇ?’ ಎಂದ. ಅವಳು ಜಪ್ಪಯ್ಯ ಎನ್ನಲಿಲ್ಲ. ಮನೆಗೆ ಹೋಗಿ ಒರಳಿನ ಗುಂಡು ಹೊತ್ತು ತಂದೇಬಿಟ್ಟಳು.

ವಿಮಾನಕ್ಕೆ ಆಗ ರೆಕ್ಕೆ ಹಾಕಿರಲಿಲ್ಲ, ಎಂಜಿನ್ ಕೂಡಿಸಿರಲಿಲ್ಲ. ಮೈ ಮತ್ತು ಗಾಲಿ ಮಾತ್ರ. ಅವಳ ಸೀಟಿನಲ್ಲಿ ಅವಳ ತೂಕದ ರಾಗಿ ಮೂಟೆ ಕೂಡಿಸಿದರು. ಮೂಟೆಯ ಮೇಲೆ ಗುಂಡುಕಲ್ಲಿಟ್ಟು ಹಗ್ಗದಲ್ಲಿ ಬಿಗಿದರು. ಅವಳು ಕಲ್ಲಿಗೆ ಕುಂಕುಮ ಇಟ್ಟು, ಎಲ್ಲಿಂದಲೋ ಒಂದು ಕುಲಾವಿ ತಂದು ತೊಡಿಸಿದಳು. ಆ ಮನೆಯಲ್ಲಿ ಕುಲಾವಿ ಯಾಕಿತ್ತು ಎಂದು ನಾನು ಕೇಳಲಿಲ್ಲ, ನೀನೂ ಕೇಳಬೇಡ. ನಾಲ್ಕು ಬೆಲ್ಟನ್ನೂ ಹಾಕಿ ಬಕಲು ಬಿಗಿದರು. ಶೆಡ್ಡಿನ ಹಿಂದೆ ಇಳಿಜಾರಿತ್ತು. ಅದರ ಕೊನೆಯಲ್ಲಿ ಮರಳು ಮೂಟೆ ಒಟ್ಟಿ, ವಿಮಾನವನ್ನು ಮೇಲಕ್ಕೆ ತಳ್ಳಿಕೊಂಡು ಹೋಗಿ ಬಿಟ್ಟರು. ನಾನೂ ತಳ್ಳಿದೆ. ಹೊತ್ತು ಹತ್ತು ಗಂಟೆ, ಒಳ್ಳೆಯ ಬಿಸಿಲು.

ಅದು ಬೆದರಿದ ಹೋರಿಯ ಹಾಗೆ ಓಡಿತು. ಢಬ್ ಎಂದು ಮರಳಿಗೆ ಹೊಡೆಯಿತು. ನಾವು ಓಡಿಹೋಗಿ ನೋಡಿದೆವು.

ಬೆಲ್ಟು ಹರಿದಿರಲಿಲ್ಲ. ಬಕಲು ಬಿಚ್ಚಿರಲಿಲ್ಲ. ಹೊಲಿಗೆ ಒಂದೂ ಬಿಟ್ಟಿರಲಿಲ್ಲ. ರಾಗಿ ಮೂಟೆ ಸೀಟಿಗೆ ಅಂಟಿಕೊಂಡೇ ಕುಳಿತಿತ್ತು. ಆದರೆ ಸೀಟೇ ಮುಂದಕ್ಕೆ ಹೋಗಿತ್ತು. ಮುಂದಿದ್ದ ಗಡಿಯಾರದಂಥ ಮೀಟರುಗಳೆಲ್ಲ ಚೂರಾಗಿ, ಅವುಗಳ ನಡುವೆ ಕುಲಾವಿ ಹೂತುಹೋಗಿತ್ತು.

ಆಗಿದ್ದೇನು, ಹೇಳುತ್ತೇನೆ. ಇವನು ಎತ್ತರದ ಆಳು, ಅವಳು ಕುಳ್ಳಿ. ಅವಳಿಗೆ ಕಾಲು ಎಟುಕಲಿ, ಹೊರಗಿನದು ಚೆನ್ನಾಗಿ ಕಾಣಲಿ ಎಂದು ಸೀಟನ್ನು ಹಿಂದೆ ಮುಂದೆ ಸರಿಯುವ ಹಾಗೆ ಹಳಿಯ ಮೇಲೆ ಕೂಡಿಸಿದ್ದ. ಸೀಟು ಸರಿದಾಗ ಬೆಲ್ಟು ಎಳೆಯಬಾರದಲ್ಲ, ಅದಕ್ಕೆ ನಾಲ್ಕು ಪಟ್ಟಿಯ ಬುಡವನ್ನೂ ಸೀಟಿಗೇ ಬೋಲ್ಟು ಹಾಕಿ ಬಿಗಿದಿದ್ದ. ಹಳಿಯ ಮೇಲೆ ಆ ಸೀಟನ್ನು ಹಿಡಿದಿದ್ದದ್ದು ಒಂದು ಪಿನ್ನು. ಪೆನ್ಸಿಲಿನ ದಪ್ಪ. ಅದು ತೂತಿನಿಂದ ಕಿತ್ತು ಬಂದಿತ್ತು. ಅಷ್ಟು ಗಟ್ಟಿ ಬೆಲ್ಟು ಅವಳನ್ನು ಸೀಟಿಗೆ ಹಿಡಿದಿತ್ತು, ಸೀಟನ್ನು ಯಾರೂ ಹಿಡಿದಿರಲಿಲ್ಲ. ಬೆಲ್ಟನ್ನು ತೊಲೆಗೆ ಕಟ್ಟಿ ಪರೀಕ್ಷೆ ಮಾಡಿದವನು, ಅದು ಕೂರುವ ಜಾಗದಲ್ಲಿ ಪರೀಕ್ಷೆ ಮಾಡಿರಲಿಲ್ಲ.

ಅವನು ಆ ಕುಲಾವಿಯನ್ನು ಗಾಜಿನ ಚೂರುಗಳಿಂದ ಬಿಡಿಸಿ ಕೈಯಲ್ಲಿ ಹಿಡಿದುಕೊಂಡ. ಅಲ್ಲೇ ಮಣ್ಣಿನ ಮೇಲೆ ಕುಕ್ಕರಿಸಿದ. ಅರುವತ್ತೈದು ದಾಟಿದ ಗಂಡಸು, ಎಲ್ಲರ ಎದುರಿಗೆ ಗಳಗಳ ಅತ್ತುಬಿಟ್ಟ. ‘ನಿನ್ನನ್ನೇ ಕೂಡಿಸುತ್ತಿದ್ದೆನಲ್ಲೇ’ ಎಂದ. ಅವಳು ಹತ್ತಿರ ಕುಳಿತು ಅವನ ಬೆನ್ನು ಸವರಿದಳು. ‘ಅಳೋದು ಸಾಕು, ಎದ್ದೇಳಿ. ಮೂಟೆ ಸೀಳಿ ರಾಗಿ ಚೆಲ್ಲಿದೆ, ಬಳಿದುಕೊಳ್ಳಬೇಕು’ ಎಂದಳು.

ಎದ್ದ. ನಾನಾಗಿದ್ದರೆ ಶೆಡ್ಡಿಗೆ ಬೀಗ ಹಾಕುತ್ತಿದ್ದೆ. ಅವನು ಮರುದಿನ ಬೆಳಿಗ್ಗೆ ಆರಕ್ಕೇ ಗರಗಸ ಹಿಡಿದು ಹಳಿಗಳನ್ನು ಕೊಯ್ದು ಎಸೆದ. ಒಳಗಿನ ಕೊಳವೆಗಳು ಕೈಗೆ ಸಿಗಲೆಂದು ವಿಮಾನದ ಮೈಮೇಲಿನ ಬಟ್ಟೆಯನ್ನು ತಾನೇ ಹರಿದ. ಸೊಂಟದ ಪಟ್ಟಿಗಳನ್ನು ನೆಲದ ಉಕ್ಕಿನ ಕೊಳವೆಗೆ ಬಿಗಿದ. ಹೆಗಲ ಪಟ್ಟಿಗಳಿಗೆ ಬೆನ್ನ ಹಿಂದೆ, ಹೆಗಲಿನ ಎತ್ತರಕ್ಕೆ ಸರಿಯಾಗಿ, ಹೊಸ ಅಡ್ಡಕೊಳವೆ ಬೆಸೆದ. ಕೆಳಗೆ ಎಳೆದು ಕಟ್ಟಿದರೆ ಬೆನ್ನುಮೂಳೆ ಕುಸಿಯುತ್ತದೆ ಎಂದು ನನಗೇ ಪಾಠ ಹೇಳಿದ. ಬೇರೆ ಜಾತಿಯ ಬೆಲ್ಟು ತರಿಸಲಿಲ್ಲವೇ ಎಂದು ಕೇಳಬೇಡ. ಅದೇ ಜಾತಿಯ ಬೆಲ್ಟನ್ನೇ ಮತ್ತೆ ಹಾಕಿದ. ಬೆಲ್ಟಿನದೇನೂ ತಪ್ಪಿರಲಿಲ್ಲ. ಅವಳ ಕಾಲು ಎಟುಕಬೇಕಿತ್ತಲ್ಲ, ಅದಕ್ಕೆ ಬೆನ್ನ ಹಿಂದೆ ಒಂದು ಹತ್ತಿಯ ದಿಂಬು ಕೊಟ್ಟ. ಅಷ್ಟಕ್ಕೇ ಮುಗಿಯುವ ಕೆಲಸಕ್ಕೆ ಹಳಿ ಹಾಕಿದ್ದನಲ್ಲ ಎಂದು ಹಣೆ ಹಣೆ ಚಚ್ಚಿಕೊಂಡ.

ಮತ್ತೆ ಗುಂಡುಕಲ್ಲು ಕೂರಿಸಿದರು, ಇಳಿಜಾರಿನಲ್ಲಿ ಬಿಟ್ಟರು. ಮೂರು ಸಲ. ಮೂರು ಸಲವೂ ಕುಲಾವಿ ಇದ್ದಲ್ಲೇ ಇತ್ತು. ಆಮೇಲೆಯೇ ರೆಕ್ಕೆ ಹಾಕಿದ್ದು.

ಅವರು ಹಾರಿದರು. ಹೌದಪ್ಪ, ಹಾರಿದರು. ಸೀರೆ ಉಟ್ಟುಕೊಂಡೇ ಹತ್ತಿದಳು. ಆರನೆಯ ಸಲ ಇಳಿಯುವಾಗ, ಹಿಂದಿನ ದಿನದ ಮಳೆಗೆ ನೆಲ ಮೆತ್ತಗಾಗಿತ್ತು. ಮುಂದಿನ ಗಾಲಿ ಹೂತು, ವಿಮಾನ ತಲೆಕೆಳಗಾಗಿ ಮಗುಚಿಕೊಂಡಿತು. ನಾನು ಓಡಿದೆ. ಸೀಟು ಒಂದು ಕಡೆ ಕಿತ್ತು ಬಂದಿತ್ತು, ದಿಂಬು ಎಲ್ಲೋ ಬಿದ್ದಿತ್ತು. ಇಬ್ಬರೂ ಬೆಲ್ಟಿನಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದರು. ಅವನು ಹೆದರಿ ಹೆದರಿ ಅವಳ ಹೆಸರು ಕೂಗಿದ.

‘ಏನ್ರೀ,’ ಎಂದಳು ಅವಳು, ‘ಇಳಿಸ್ತೀರೋ, ಇಲ್ಲ ಜೋಗುಳ ಹಾಡ್ತೀರೋ?’

ಸ್ವಾಮಿಗಳು ಕತೆ ನಿಲ್ಲಿಸಿದರು. ಸಿದ್ಧವೀರ ಬಾಯಿ ತುಂಬ ನಗುತ್ತಿದ್ದ. ಅವರೆಕಾಯಿ ಮುಗಿದಿತ್ತು. ಸ್ವಾಮಿಗಳು ಸಿಪ್ಪೆಯನ್ನೆಲ್ಲ ಒಟ್ಟು ಮಾಡಿ, ಮೊರ ಎತ್ತಿಕೊಂಡು ಎದ್ದರು. ಬಾಗಿಲ ಬಳಿ ನಿಂತು ಹೇಳಿದರು:

“ನಿನ್ನ ಬೆಲ್ಟು ಮೊದಲಿನಿಂದಲೂ ಗಟ್ಟಿಯಾಗಿಯೇ ಇದೆ ಮರಿ, ಅದರ ಬುಡವನ್ನು ಎಲ್ಲಿಗೆ ಬಿಗಿದಿದ್ದೀಯ, ನೋಡಿಕೋ.”

ಸಿದ್ಧವೀರನ ನಗು ನಿಂತಿತು. ಸ್ವಾಮಿಗಳು ಒಳಗೆ ಹೋದರು. ಜಗಲಿಯಲ್ಲಿ ಬೇರೆ ಯಾರೂ ಇರಲಿಲ್ಲ. ಮರುದಿನದ ಸಭೆಯಲ್ಲಿ ಅವನು ಎದ್ದು ನಿಲ್ಲಲಿಲ್ಲ. ಆದರೆ ಅದು ಮರುದಿನದ ಮಾತು. ಆಗ, ಆ ಜಗಲಿಯಲ್ಲಿ, ಬೆಕ್ಕು ಬಂದು ಅವನ ಕಾಲಿಗೆ ಮೈ ಉಜ್ಜಿ, ಮುಖ ನೋಡಿ, ಮಿಯಾಂವ್ ಎಂದಿತು.

ಸಿದ್ಧವೀರ ಅದರ ತಲೆ ಸವರಿದ. ಮಾತಾಡಲಿಲ್ಲ.