ಆಕಳ ಹೊಟ್ಟೆಯಲ್ಲಿ ಹೋಳಿಗೆ

"ಗುರುಗಳೇ, ಕೊಟ್ಟವನ ಮುಖಕ್ಕೆ ಹೊಡೆದ ಹಾಗೆ ಮಾತಾಡುವವರಿಗೆ ಇನ್ನೊಮ್ಮೆ ಕೊಡಬೇಕೆ?"

ಕೇಳಿದವನು ಅಡಿವೆಯ್ಯ. ಮಠದ ದಾಸೋಹದಲ್ಲಿ ಬಡಿಸುವ ಹೊಣೆ ಅವನದು. ಆ ದಿನ ಮಧ್ಯಾಹ್ನ ಪಂಕ್ತಿಯಲ್ಲಿ ಕುಳಿತಿದ್ದ ನೀಲವ್ವನೆಂಬ ಮುದುಕಿ ತುತ್ತನ್ನು ಮೂಗಿನ ಹತ್ತಿರ ಹಿಡಿದು, "ಅನ್ನ ಹಳಸೇತೋ ಯಪ್ಪಾ, ಇದನ್ನ ಹೆಂಗ ಉಣ್ಲಿ?" ಎಂದು ಎಲ್ಲರೆದುರು ಕೇಳಿದ್ದಳು. ಅದು ಹಿಂದಿನ ದಿನದ ಅನ್ನ, ಅಡಿವೆಯ್ಯನಿಗೂ ಗೊತ್ತಿತ್ತು. ಆದರೂ ಅವನ ಮೈ ಉರಿದುಹೋಯಿತು. ಅವಳ ರಟ್ಟೆ ಹಿಡಿದು ಪಂಕ್ತಿಯಿಂದ ಎಬ್ಬಿಸಿದ. ನಾಳೆಯಿಂದ ಈ ಬಾಗಿಲು ತುಳಿಯಬೇಡ ಎಂದುಬಿಟ್ಟ. ಅವಳಿಗೆ ಉಣ್ಣಲು ಬೇರೆ ಬಾಗಿಲು ಇರಲಿಲ್ಲ. ಅಡಿವೆಯ್ಯನಿಗೆ ಈಗ ತನ್ನ ಆ ಮಾತಿಗೆ ಗುರುಗಳ ಒಪ್ಪಿಗೆ ಬೇಕಿತ್ತು.

ಗುರುಗಳು ಅವನನ್ನೇ ನೋಡಿದರು. "ಕುಳಿತುಕೋ" ಎಂದರು. ದನಿಯಲ್ಲಿ ಸಿಟ್ಟಿತ್ತು. ಆ ಸಿಟ್ಟು ಮುದುಕಿಯ ಮೇಲಿನದೆಂದೇ ತಿಳಿದು ಅಡಿವೆಯ್ಯ ನೆಮ್ಮದಿಯಿಂದ ಕುಳಿತ. ಗುರುಗಳು ಕತೆ ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ವ್ಯಾಪಾರಿಯಿದ್ದ. ಆಕಳಿಗೆ ಒಂದು ತುತ್ತು ಕೊಡದೆ ಅವನು ಊಟಕ್ಕೆ ಕೂರುತ್ತಿರಲಿಲ್ಲ. ಗೋಗ್ರಾಸ ಅವನ ಮನೆತನದ ನೇಮ. ಅಡುಗೆಯ ಮೊದಲ ಪಾಲನ್ನು ಬಾಳೆಲೆಯ ಮೇಲೆ ಹಾಕಿ ಬಾಗಿಲ ಕಟ್ಟೆಯ ಮೇಲಿಡುತ್ತಿದ್ದ. ಒಂದು ದಿನ ಆಕಳು ಬರುವ ಮೊದಲೇ ನಾಯಿ ಬಂದು ಎಲೆಗೆ ಬಾಯಿ ಹಾಕಿತು. ವ್ಯಾಪಾರಿ ಹೌಹಾರಿದ. ಮಡಿಯಲ್ಲಿ ಮಾಡಿದ್ದು ಮೈಲಿಗೆಯಾಯಿತು, ನೇಮ ಕೆಟ್ಟಿತು ಎಂದು ಆ ದಿನವೆಲ್ಲ ಉಪವಾಸ ಬಿದ್ದ. ಮರುದಿನ ಒಂದು ಉಪಾಯ ಹೂಡಿದ. ತುತ್ತನ್ನು ತನ್ನ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ನಾಯಿ ಮೂಸಿದರೂ ಒಳಗಿನದು ಕೆಡದಂತೆ ಬಿಗಿಯಾಗಿ ಗಂಟು ಹಾಕಿ ಕಟ್ಟೆಯ ಮೇಲಿಟ್ಟ.

ಆಕಳು ಬಂತು. ಬೆಲ್ಲದ ವಾಸನೆ ಹಿಡಿದು ಚೀಲವನ್ನೇ ನುಂಗಿತು. ವ್ಯಾಪಾರಿ ಒಳಗಿನಿಂದಲೇ ಕೈಮುಗಿದು ಊಟಕ್ಕೆ ಹೋದ. ಆ ಗಂಟನ್ನು ಬಿಚ್ಚುವವರು ಯಾರು ಎಂದು ಅವನಿಗೆ ಹೊಳೆಯಲಿಲ್ಲ. ಹೊಳೆಯುವ ಅಗತ್ಯವಾದರೂ ಏನಿತ್ತು? ಅವನ ಮಡಿ ಉಳಿದಿತ್ತು, ನೇಮ ಉಳಿದಿತ್ತು, ಊಟ ಬಿಸಿಯಾಗಿತ್ತು! ಅವನನ್ನು ನೋಡಿ ನೆರೆಮನೆಯವರೂ ಹಾಗೇ ಮಾಡಿದರು. ಬೀದಿಗೆ ಬೀದಿಯೇ ಗಂಟು ಹಾಕಿ ಪುಣ್ಯ ಕಟ್ಟಿಕೊಳ್ಳತೊಡಗಿತು.

ಆಕಳು ಒಬ್ಬ ಗೌಳಿಯದು. ಅವನ ಕೊಟ್ಟಿಗೆಯಲ್ಲಿ ಇದ್ದದ್ದು ಅದೊಂದೇ. ಅವನೂ ಪೂರ್ತಿ ಸಾಚಾ ಏನಲ್ಲ. ಬೆಳಗ್ಗೆ ಹಾಲು ಹಿಂಡಿಕೊಂಡು, ಬೀದಿಯಲ್ಲಿ ಮೇದುಕೊಂಡು ಬರಲಿ ಎಂದು ಹಗ್ಗ ಬಿಚ್ಚಿ ಅಟ್ಟುತ್ತಿದ್ದ. ಬರಬರುತ್ತ ಆಕಳು ಮೆಲುಕು ಹಾಕುವುದನ್ನೇ ಬಿಟ್ಟಿತು. ಹಾಲು ಬತ್ತಿತು. ಹೊಟ್ಟೆ ಎಡಗಡೆಗೆ ಉಬ್ಬುತ್ತ ಹೋಯಿತು, ಪಕ್ಕೆಲುಬು ಎದ್ದು ಕಾಣುತ್ತ ಹೋಯಿತು. ತುಂಬಿದ ಹೊಟ್ಟೆಯ ಪ್ರಾಣಿ ಹೀಗೇಕೆ ಸೊರಗುತ್ತದೆಂದು ಗೌಳಿಗೆ ತಿಳಿಯಲಿಲ್ಲ. ಒಂದು ದಿನ ಅದರ ಹಿಂದೆಯೇ ಪೇಟೆಗೆ ಹೋದ. ಅದು ಚೀಲ ನುಂಗುವುದನ್ನು ಕಣ್ಣಾರೆ ಕಂಡ. ವ್ಯಾಪಾರಿಯ ಬಾಗಿಲಿಗೆ ಹೋಗಿ ನಿಂತ.

"ಸಾವ್ಕಾರ್ರ, ಕೊಡೂದಾದ್ರ ಗಂಟು ಬಿಚ್ಚಿ ಕೊಡ್ರಿ. ನಮ್ಮ ಆಕಳಿಗೆ ಕೈ ಇಲ್ರಿ."

ವ್ಯಾಪಾರಿಯ ಕಣ್ಣು ಕೆಂಪಾದವು. "ನಮ್ಮ ಬಾಗಲದಾಗ ತಿಂದು ಬದುಕೇತಿ ನಿನ್ನ ಆಕಳ. ಧರ್ಮಕ್ಕ ಕೊಟ್ಟದ್ದಕ್ಕೂ ಹೆಸರಿಡ್ತೀಯೇನು? ನಡಿ ಆಚೆ!"

ಗೌಳಿ ಆಕಳನ್ನು ಮನೆಗೆ ಹೊಡೆದುಕೊಂಡು ಹೋಗಿ ಕಟ್ಟಿದ. ದನದ ಡಾಕ್ಟರನ್ನು ಕರೆತಂದ. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಕೊಯ್ಯದೆ ಬೇರೆ ದಾರಿಯಿಲ್ಲ, ಕೊಯ್ದರೂ ಉಳಿಯುವ ಭರವಸೆಯಿಲ್ಲ ಎಂದರು. ಗೌಳಿ ಆಕಳ ಕೊರಳನ್ನು ಅಪ್ಪಿ ಹಿಡಿದು ನಿಂತ. ಸುದ್ದಿ ಹಬ್ಬಿ ಬೀದಿಯವರೆಲ್ಲ ನೋಡಲು ನೆರೆದರು. ವ್ಯಾಪಾರಿಯೂ ಬಂದ.

ಡಾಕ್ಟರು ಹೊಟ್ಟೆ ಕೊಯ್ದು, ತೋಳುದ್ದ ಕೈ ಹಾಕಿ ಎಳೆದರು. ಹಗ್ಗದ ಹಾಗೆ ಹೊಸೆದುಕೊಂಡ ಪ್ಲಾಸ್ಟಿಕ್ ಹೊರೆಹೊರೆಯಾಗಿ ಬಂತು. ಅದರ ನಡುವೆ ತುಕ್ಕು ಹಿಡಿದ ಮೊಳೆ, ಚಪ್ಪಲಿಯ ಬಾರು, ಗೊಂಬೆಯ ಕೈ, ಒಂದು ಕೀಲಿ. "ಅಯ್ಯ, ಇದು ನಮ್ಮ ಕಪಾಟಿನದು!" ಎಂದು ಒಬ್ಬ ಹೆಂಗಸು ಕೀಲಿಯನ್ನು ತೊಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಕಳ ಮುಖವನ್ನು ಅವಳು ನೋಡಲಿಲ್ಲ.

ಕೊನೆಗೆ ಒಂದು ಚೀಲ ಇಡಿಯಾಗಿ ಬಂತು. ಹಾಕಿದ ಗಂಟು ಹಾಕಿದ ಹಾಗೇ ಇತ್ತು. ಮೇಲೆ ವ್ಯಾಪಾರಿಯ ಅಂಗಡಿಯ ಹೆಸರಿತ್ತು. ಡಾಕ್ಟರು ಅದನ್ನು ಹರಿದರು. ಒಳಗೆ ಹಬ್ಬದ ದಿನದ ಹೋಳಿಗೆ, ಕಪ್ಪಾಗಿತ್ತು, ಮುರಿದಿರಲಿಲ್ಲ. ಅವನು ಕೊಟ್ಟ ತುತ್ತು ಆಕಳ ಹೊಟ್ಟೆಯಲ್ಲೇ ಇತ್ತು, ಆಕಳಿಗೆ ಮಾತ್ರ ಸಿಕ್ಕಿರಲಿಲ್ಲ. ಹೊಲಿಗೆ ಹಾಕುವ ಮೊದಲೇ ಅದರ ಮುಂಗಾಲು ಕುಸಿಯಿತು. ಗೌಳಿಯ ತೊಡೆಯ ಮೇಲೆ ತಲೆಯಿಟ್ಟು ಪ್ರಾಣ ಬಿಟ್ಟಿತು.

ವ್ಯಾಪಾರಿ ಗಲ್ಲ ಬಡಿದುಕೊಂಡ. "ಗೋಹತ್ಯಾ ದೋಷ ತಂದಿಟ್ಟೆಲ್ಲೋ! ಮೊದಲ ಬಾಯಿ ಬಿಟ್ಟು ಹೇಳಬಾರದಾಗಿತ್ತ?"

"ಹೇಳಿದ್ನೆಲ್ರಿ" ಎಂದ ಗೌಳಿ.

ಆಮೇಲೆ ಬೀದಿಯವರು ಏನು ಮಾಡಿದರು ಗೊತ್ತೆ? ಸತ್ತ ಆಕಳ ಹಣೆಗೆ ಅರಿಸಿನ ಕುಂಕುಮ ಹಚ್ಚಿದರು. ಕೊರಳಿಗೆ ಹೂವಿನ ಮಾಲೆ ಹಾಕಿದರು. ಕಾಯಿ ಒಡೆದು, ಗೋಮಾತೆಗೆ ಜಯವಾಗಲಿ ಎಂದು ಕೂಗಿದರು. ಬದುಕಿದ್ದಾಗ ಅದಕ್ಕಾಗಿ ಒಂದು ಗಂಟು ಬಿಚ್ಚದ ಕೈಗಳು, ಸತ್ತ ಮೇಲೆ ಮುಗಿದು ನಿಂತವು! ಥೂ!

ಗುರುಗಳು ಕತೆ ನಿಲ್ಲಿಸಿದರು. ಅವರ ತುಟಿ ಇನ್ನೂ ಅದುರುತ್ತಿತ್ತು. ಅಡಿವೆಯ್ಯನ ಕಣ್ಣು ತುಂಬಿದ್ದವು. ಅವನಿಗೂ ಸಿಟ್ಟು ನೆತ್ತಿಗೇರಿತ್ತು.

"ಎಂಥ ಕಟುಕರು, ಗುರುಗಳೇ! ಪಾಪ, ಮೂಕಪ್ರಾಣಿ. ಅದಕ್ಕೆ ಮಾತು ಬಂದಿದ್ದರೆ, ನೀವು ಕೊಟ್ಟದ್ದು ನನಗೆ ಸೇರುತ್ತಿಲ್ಲ ಎಂದು ಅವರ ಮುಖದ ಮೇಲೇ ಹೇಳುತ್ತಿತ್ತು."

"ಹೇಳಿದ್ದರೆ, ಅದನ್ನೂ ನೀನು ಪಂಕ್ತಿಯಿಂದ ಎಬ್ಬಿಸುತ್ತಿದ್ದೆ" ಎಂದರು ಗುರುಗಳು.