ತನ್ನ ಪರ ತಾನೇ ನಿಂತ ರೈತ

"ಸತ್ಯ ನನ್ನ ಕಡೆಗಿದ್ದರೆ ಸಾಲದೇ, ಗುರುಗಳೇ? ನನ್ನ ಮಾತು ಆಡಲು ವಕೀಲ ಏಕೆ ಬೇಕು?"

ಕೇಳಿದವನು ಶಿಷ್ಯ ಚನ್ನವೀರ. ಹೊಲದ ಬದುವಿನ ವಿಷಯದಲ್ಲಿ ಅವನ ದಾಯಾದಿ ದಾವೆ ಹೂಡಿದ್ದ. ಮರುದಿನವೇ ವಿಚಾರಣೆ. ತನ್ನ ವಾದವನ್ನು ತಾನೇ ಮಂಡಿಸುವೆನೆಂದು ಚನ್ನವೀರ ಊರೆಲ್ಲ ಹೇಳಿಕೊಂಡು ಬಂದಿದ್ದ. ಬೆಳಗಿನಿಂದ ಮಠದ ಅಂಗಳದಲ್ಲಿ ಕೂತಲ್ಲಿ ಕೂರದೆ, ನಿಂತಲ್ಲಿ ನಿಲ್ಲದೆ ಸುತ್ತುತ್ತಿದ್ದ.

ಗುರುಗಳು ಅವನಿಗೆ ಕೂರು ಎನ್ನಲಿಲ್ಲ. ಅವನು ಸುತ್ತುತ್ತಿರುವಂತೆಯೇ ಕತೆ ಹೇಳತೊಡಗಿದರು.

ಒಬ್ಬ ರೈತನಿದ್ದ. ಅವನಲ್ಲೊಂದು ಹೋರಿ ಇತ್ತು. ಆ ಸೀಮೆಯಲ್ಲಿ ಅಂಥ ಹೋರಿ ಇನ್ನೊಂದಿರಲಿಲ್ಲ. ಒಂದು ದಿನ ಅದನ್ನು ನೀರಿಗೆ ಹೊಡೆದುಕೊಂಡು ಹೊರಟ. ಊರ ಹೊರಗೆ ಬೇರೆ ದಾರಿಯಿತ್ತು. ಆದರೆ ನಾಲ್ಕು ಜನ ನೋಡಲಿ ಎಂಬ ಆಸೆಯಿಂದ ಬೀದಿಯಲ್ಲೇ ನಡೆಸಿದ. ಎದುರಿಗೆ ಒಬ್ಬ ಕುಂಬಾರ ತಲೆಯ ಮೇಲೆ ಮಡಕೆ ಹೊತ್ತು ಬಂದ. ಹೋರಿ ಹಗ್ಗ ಕಿತ್ತುಕೊಂಡು ಅವನ ಮೇಲೆ ಹಾಯಿತು.

ಕುಂಬಾರನ ಜೀವ ಉಳಿಯಿತು. ಬಲಗೈ ಉಳಿಯಲಿಲ್ಲ. ಮೂಳೆ ಕೂಡಿಕೊಂಡರೂ ಬೆರಳುಗಳು ಮಡಚಲಿಲ್ಲ. ಮಡಕೆ ಮಾಡುವ ಅವನ ತಿಗರಿ ನಿಂತುಹೋಯಿತು. ತಿಗರಿ ನಿಂತ ಮೇಲೆ ಒಲೆಯೂ ನಿಂತಿತು. ಅವನು ನ್ಯಾಯಾಲಯಕ್ಕೆ ಹೋದ.

ಆ ಸೀಮೆಯ ಕಾನೂನು ಸರಳವಾಗಿತ್ತು. ಪ್ರಾಣಿ ಹಾಯುತ್ತದೆ ಎಂದು ಒಡೆಯನಿಗೆ ಮೊದಲೇ ತಿಳಿದಿದ್ದರೆ ತಪ್ಪು ಒಡೆಯನದು. ತಿಳಿದಿರದಿದ್ದರೆ ಅದು ಪೆಟ್ಟು ತಿಂದವನ ಹಣೆಬರಹ.

"ನನ್ನ ಹೋರಿ ಸಾಧು. ಮಡಕೆಯ ಸದ್ದಿಗೆ ಬೆದರಿತು, ಅಷ್ಟೇ" ಎಂದ ರೈತ. ಕೇಳಿದವರಿಗೆಲ್ಲ ಹಾಗೆಯೇ ಹೇಳಿದ. ಹೇಳಿ ಹೇಳಿ ತಾನೂ ಅದನ್ನು ನಂಬಿದ.

ಪೇಟೆಯ ವಕೀಲರೊಬ್ಬರು ಅವನಿಗೆ ಪರಿಚಯದವರು. ಅವರು, "ನೀನು ಬಾಯಿ ಬಿಡಬೇಡ. ನಿನ್ನ ಪರವಾಗಿ ನಾನು ನಿಲ್ಲುತ್ತೇನೆ" ಎಂದರು. ರೈತನಿಗೆ ಅದು ಅವಮಾನವೆನಿಸಿತು. ನನ್ನ ಹೋರಿಯ ಗುಣ ನನಗಿಂತ ಇವರಿಗೆ ಗೊತ್ತೇ ಎಂದುಕೊಂಡ. ತನ್ನ ಮಾತು ತಾನೇ ಆಡುವೆನೆಂದು ಹೇಳಿ ಬಂದ.

ಅಂದಿನಿಂದ ಅವನಿಗೆ ನೆಮ್ಮದಿಯಿಲ್ಲವಾಯಿತು. ನೇಗಿಲ ಹಿಂದೆ ನಡೆಯುತ್ತ ವಾದಿಸಿದ. ಮೈಗೆ ನೀರು ಹಾಕಿಕೊಳ್ಳುತ್ತ ವಾದಿಸಿದ. ತುತ್ತು ಕೈಯಲ್ಲಿದ್ದಂತೆಯೇ ಎದ್ದು, ಕಾಣದ ನ್ಯಾಯಾಧೀಶರಿಗೆ ಕೈ ಮುಗಿದ. ನಿನ್ನೆ ಚೆನ್ನಾಗಿದ್ದ ಮಾತು ಇಂದು ಸಪ್ಪೆಯೆನಿಸುತ್ತಿತ್ತು. ಹೊಸ ಮಾತು ಸೇರಿಸುತ್ತಿದ್ದ. ಸೇರಿಸಿದಷ್ಟೂ ಏನೋ ಬಿಟ್ಟುಹೋದಂತೆ ತೋರುತ್ತಿತ್ತು.

ವಿಚಾರಣೆಯ ದಿನ ಬಂತು. ರೈತ ಕಟಕಟೆಯಲ್ಲಿ ನಿಂತು ಶುರುಮಾಡಿದ. ಹೋರಿಯ ತಾಯಿಯ ತಳಿ ಹೇಳಿದ. ತಾನು ಹೋರಿಯನ್ನು ಸಾಕಿದ ರೀತಿ ಹೇಳಿದ. ಕುಂಬಾರನ ತಂದೆ ಒಮ್ಮೆ ತನ್ನ ತಂದೆಗೆ ತೂತು ಬಿದ್ದ ನೀರಿನ ಹರವಿ ಕೊಟ್ಟದ್ದನ್ನೂ ಹೇಳಿದ. ಕೂತವರು ನಕ್ಕರು. ನ್ಯಾಯಾಧೀಶರು ನಗಲಿಲ್ಲ.

"ನೀನು ಹೇಳಬೇಕೆಂದಿರುವುದನ್ನು ಕಲಿತು ಬಂದಿದ್ದೀಯೆ" ಎಂದರು. "ನಿನ್ನನ್ನು ಕೇಳಬಹುದಾದದ್ದನ್ನು ಕಲಿತಿಲ್ಲ. ವಕೀಲರನ್ನು ಇಟ್ಟುಕೋ. ಇಲ್ಲವೇ ಮನೆಗೆ ಹೋಗಿ ಅದನ್ನು ಕಲಿತು ಬಾ." ಮುಂದಿನ ತಾರೀಖು ಕೊಟ್ಟರು.

ರೈತ ಮನೆಗೆ ಬಂದ. ಹೆಂಡತಿ ಅಂಗಳದಲ್ಲಿ ಜೋಳ ಕೇರುತ್ತಿದ್ದಳು.

"ನೀನು ಎದುರು ವಕೀಲಳಾಗು. ನನ್ನನ್ನು ಪ್ರಶ್ನೆ ಕೇಳು" ಎಂದ.

"ನನಗೇನು ಗೊತ್ತು ಕೋರ್ಟಿನ ವಿಷಯ?" ಎಂದಳು. ಅವನು ಬಿಡಲಿಲ್ಲ. ಅವಳು ಮೊರ ಕೆಳಗಿಟ್ಟು ಕೇಳಿದಳು.

"ನಿಮ್ಮ ಹೋರಿ ಹಾಯುತ್ತದೆಯೇ?"

"ಇಲ್ಲ. ಸಾಧು ಪ್ರಾಣಿ."

"ಹಾಗಾದರೆ ಯುಗಾದಿ ಕಳೆದ ಮೇಲೆ ಅದಕ್ಕೆ ಮೇವು ಹಾಕಲು ನೀನು ಹೋಗಬೇಡ, ನಾನೇ ಹಾಕುತ್ತೇನೆ ಎಂದಿರಲ್ಲ, ಅದೇಕೆ?"

ಆ ದಿನಗಳಲ್ಲಿ ಹೋರಿ ಮನುಷ್ಯರನ್ನು ಕಂಡರೆ ಕೊಂಬು ತಗ್ಗಿಸಿ ಮಣ್ಣು ಕೆದರುತ್ತಿತ್ತು. ಅವನು ನೋಡಿದ್ದ. ಹೆಂಡತಿಯನ್ನು ದೂರವಿಟ್ಟಿದ್ದ. ಆಮೇಲೆ ಮರೆತಿದ್ದ.

"ಇದನ್ನು ಕುಂಬಾರನ ವಕೀಲ ಕೇಳುವುದಿಲ್ಲ" ಎಂದು ಸಿಡುಕಿದ. "ಅವನಿಗೆ ಹೇಗೆ ಗೊತ್ತಾಗಬೇಕು?"

"ಅವನಿಗೆ ಗೊತ್ತಿಲ್ಲ. ನಿಮಗೆ ಗೊತ್ತಿದೆಯಲ್ಲ" ಎಂದು ಅವಳು ಮೊರ ಎತ್ತಿಕೊಂಡಳು.

ಅಲ್ಲಿಂದ ಅವನ ತಳಮಳ ಬೇರೆಯಾಯಿತು. ಮೊದಲು ಮಾತು ಹೆಚ್ಚಾಗಿ ನಿಲ್ಲಲಾಗುತ್ತಿರಲಿಲ್ಲ. ಈಗ ಒಂದು ಮಾತಿಗೆ ಹೆದರಿ ನಿಲ್ಲಲಾಗುತ್ತಿರಲಿಲ್ಲ. ಹೆಂಡತಿಯ ಮೇಲೆ ರೇಗಿದ. ಹೋರಿಯ ಮೇಲೆ ರೇಗಿದ. ಅದು ಆಗ ಮಣ್ಣು ಕೆದರಿದ್ದು ನೊಣದ ಕಾಟಕ್ಕೆ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡರೂ ನಂಬಿಕೆ ಬರಲಿಲ್ಲ. ಕುಂಬಾರರ ಓಣಿಯ ಕಡೆಗೆ ಹೋಗುವುದನ್ನೇ ಬಿಟ್ಟ.

ಕೊನೆಗೆ ಪೇಟೆಯ ವಕೀಲರ ಮನೆಗೆ ಓಡಿದ. ನೀವೇ ನಿಲ್ಲಿ ಎಂದ. ಮೇವಿನ ವಿಷಯವನ್ನೂ ಹೇಳಿದ.

ವಕೀಲರು ಕೈ ಅಡ್ಡ ಹಿಡಿದರು. "ಅದನ್ನು ನನಗೆ ಹೇಳಲೇಬೇಡ. ಸಾಕ್ಷಿಯಿಲ್ಲದ್ದು ನಡೆದೇ ಇಲ್ಲ. ನಾನು ಮಾತಾಡುತ್ತೇನೆ, ನೀನು ನೆಮ್ಮದಿಯಾಗಿ ಕೂತಿರು."

ರೈತನಿಗೆ ತಲೆಯ ಮೇಲಿನ ಹೊರೆ ಇಳಿದಂತಾಯಿತು. ಹೂಂ ಎಂದು ಎದ್ದ. ಬಾಗಿಲವರೆಗೆ ನಡೆದ. ಅಲ್ಲಿಂದ ಮುಂದೆ ಕಾಲು ಏಳಲಿಲ್ಲ. ತಿರುಗಿ ಬಂದು, "ಬೇಡ, ಸ್ವಾಮಿ" ಎಂದ. ಏಕೆ ಬೇಡವೆಂದು ಅವರು ಕೇಳಿದರು. ಅವನು ಕೈ ಮುಗಿದು ಹೊರಟುಬಿಟ್ಟ.

ತಾರೀಖು ಬಂತು. ಕುಂಬಾರ ಎದುರಿನ ಬೆಂಚಿನಲ್ಲಿ ಕೂತಿದ್ದ. ಅವನ ಹೆಂಡತಿ ಪಕ್ಕದಲ್ಲಿ ಕೂತು, ಜಾರುತ್ತಿದ್ದ ಅವನ ಹೆಗಲ ವಸ್ತ್ರ ಸರಿಮಾಡುತ್ತಿದ್ದಳು. ರೈತ ಒಮ್ಮೆ ನೋಡಿ ಮುಖ ತಿರುಗಿಸಿದ.

"ಹೋರಿ ಇದಕ್ಕೆ ಮುಂಚೆ ಯಾರ ಮೇಲಾದರೂ ಹಾಯ್ದಿತ್ತೇ?" ಎಂದು ಕುಂಬಾರನ ವಕೀಲರು ಕೇಳಿದರು.

"ಇಲ್ಲ" ಎಂದ. ಅದು ನಿಜವೇ ಆಗಿತ್ತು.

"ಯಾರಾದರೂ ದೂರು ಹೇಳಿದ್ದರೇ?"

"ಇಲ್ಲ." ಅದೂ ನಿಜ.

ಹಾಯುವ ಗುಣ ನಿನಗೆ ತಿಳಿದಿತ್ತೇ ಎಂದು ಅವರು ಕೇಳಲೇ ಇಲ್ಲ. ಕೇಳಿದರೆ ಇಲ್ಲವೆನ್ನುತ್ತಾನೆ, ಆ ಮಾತು ಇವನಿಗೇ ಬಲವಾದೀತು ಎಂದು ಎಣಿಸಿ ಕೂತುಬಿಟ್ಟರು.

ನ್ಯಾಯಾಧೀಶರು ಕುಂಬಾರನತ್ತ ನೋಡಿದರು. "ಇವನಿಗೆ ಮೊದಲೇ ತಿಳಿದಿತ್ತೆನ್ನಲು ಆಧಾರವಿಲ್ಲ" ಎಂದರು. ಕುಂಬಾರನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನ್ಯಾಯಾಧೀಶರು ರೈತನನ್ನು ಕೇಳಿದರು: "ನಿನ್ನ ಪರವಾಗಿ ಇನ್ನೇನಾದರೂ ಹೇಳುವುದಿದೆಯೇ?"

ಇಲ್ಲ ಎಂದರೆ ಮುಗಿಯುತ್ತಿತ್ತು. ರೈತ ಕಟಕಟೆಯ ಮರವನ್ನು ಎರಡೂ ಕೈಯಿಂದ ಹಿಡಿದುಕೊಂಡ. ಅವನ ಪರವಾಗಿ ಎದ್ದು ಮಾತಾಡಲು ಯಾರೂ ಇರಲಿಲ್ಲ. ಸುಮ್ಮನಿರು ಎಂದು ಕಣ್ಣು ಮಾಡಲೂ ಯಾರೂ ಇರಲಿಲ್ಲ.

"ಇದೆ, ಸ್ವಾಮಿ" ಎಂದ. "ಅದು ಹಾಯುತ್ತದೆ ಎಂದು ನನಗೆ ಗೊತ್ತಿತ್ತು. ನನ್ನ ಹೆಂಡತಿಯನ್ನು ಅದರ ಹತ್ತಿರ ಬಿಡುತ್ತಿರಲಿಲ್ಲ. ಆದರೂ ಬೀದಿಯ ಜನರ ನಡುವೆ ಅದನ್ನು ಹೊಡೆದುಕೊಂಡು ಬಂದೆ."



ತೀರ್ಪು ಕುಂಬಾರನ ಪರವಾಯಿತು. ಕುಂಬಾರನ ಮಗಳು ತಿಗರಿ ಹಿಡಿದು ಮನೆ ನಡೆಸುವವರೆಗೆ ಆ ಮನೆಯ ಕಾಳುಕಡಿ ರೈತನೇ ನೋಡಿಕೊಳ್ಳಬೇಕೆಂದಾಯಿತು. ಹೋರಿ ಬೇರೆ ಸೀಮೆಗೆ ಹೋಯಿತು. ರೈತನ ಕೊಟ್ಟಿಗೆ ಬಹಳ ಕಾಲ ಖಾಲಿಯಿತ್ತು. ಆ ವರ್ಷ ಅವನ ಮನೆಯಲ್ಲಿ ಹಬ್ಬಕ್ಕೆ ಹೋಳಿಗೆ ಆಗಲಿಲ್ಲ. ಅದಕ್ಕೆ ಹೆಂಡತಿ ಅವನನ್ನು ಒಂದು ಮಾತೂ ಅನ್ನಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರ ಯಾವಾಗಲೋ ಸುತ್ತುವುದನ್ನು ಬಿಟ್ಟು ಕಂಬಕ್ಕೆ ಒರಗಿ ನಿಂತಿದ್ದ.

"ಹಾಗಾದರೆ ಗುರುಗಳೇ, ವಕೀಲರಿದ್ದಿದ್ದರೆ ಅವನು ಗೆಲ್ಲುತ್ತಿದ್ದ. ತಾನೇ ನಿಂತದ್ದಕ್ಕೆ ಸೋತ. ನಾನು ಇದರಿಂದ ಏನು ತಿಳಿಯಲಿ? ನಾಳೆ ನಾನೇ ನಿಲ್ಲಬೇಕೋ, ಬೇಡವೋ?"

ಗುರುಗಳು ಅವನ ಮುಖವನ್ನೇ ನೋಡಿ ಕೇಳಿದರು:

"ನಾಳೆ ಯಾವ ಪ್ರಶ್ನೆಯನ್ನು ಯಾರೂ ಕೇಳದಿರಲಿ ಎಂದು ನೀನು ಬೆಳಗಿನಿಂದ ಬೇಡಿಕೊಳ್ಳುತ್ತಿದ್ದೀಯೆ, ಚನ್ನವೀರ?"

ಚನ್ನವೀರ ಕಂಬ ಬಿಟ್ಟು ಬಂದು ಗುರುಗಳ ಎದುರಿಗೆ ಕೂತ.